ಜೀಪಿನ ತಗಡಿನ ಕೋಳಿಗೂಡು

ಹುಟ್ಟಿದ ಜೀವಕ್ಕೆ ಸಾವು ತಪ್ಪಿದ್ದಲ್ಲ. ಅದು ಎಂದು, ಎಲ್ಲಿ ಬರುತ್ತದೆಂಬುದು ಮಾತ್ರ ದೇವರ ಗುಟ್ಟು. ನಮ್ಮ ಬಾಳೂರಿನ ಕಡೆಯ ಕೋಳಿಮರಿಗಳ ವಿಷಯದಲ್ಲಿ ದೇವರು ಆ ಗುಟ್ಟನ್ನೂ ಇಟ್ಟುಕೊಂಡಿಲ್ಲ. ಸಾವು ಅಂಗಳಕ್ಕೇ ಬರುತ್ತದೆ, ಸಾಮಾನ್ಯವಾಗಿ ನಾವು ತಿಂಡಿ ತಿನ್ನುವ ಹೊತ್ತಿಗೆ. ಆಕಾಶದಿಂದ ಗಿಡುಗ, ಬೇಲಿಯಿಂದ ಮುಂಗುಸಿ, ಸೌದೆ ರಾಶಿಯಿಂದ ಕೇರೆಹಾವು, ಕಾಫಿಗಿಡದ ಬುಡದಿಂದ ಕಾಡುಬೆಕ್ಕು. ದಿಕ್ಕಿಗೊಬ್ಬ ಅಧಿಕಾರಿಯನ್ನು ನೇಮಿಸಿದಂತೆ, ಒಬ್ಬರ ಸರಹದ್ದಿಗೆ ಇನ್ನೊಬ್ಬರು ಕಾಲಿಡದೆ ಕೆಲಸ ನಡೆಸುತ್ತಾರೆ. ಇಂಥ ಶಿಸ್ತನ್ನು ನಾನು ಯಾವ ಸರ್ಕಾರಿ ಇಲಾಖೆಯಲ್ಲೂ ಕಂಡಿಲ್ಲ.

ಹೀಗಿರುವಲ್ಲಿ ನಮ್ಮ ಮನೆಯ ಮುದಿ ಹೇಟೆ ಕೋಳಿ ಕಳೆದ ಮಳೆಗಾಲದಲ್ಲಿ ಕಾವಿಗೆ ಕೂತಿತು. ಬೇರೆ ಯಾವುದೋ ಕೋಳಿಯಾಗಿದ್ದರೆ ಈ ಪ್ರಬಂಧದ ಅಗತ್ಯವಿರಲಿಲ್ಲ. ಸಾರು ಮಾಡಿಸಿ ಉಂಡು ಸುಮ್ಮನಿರುತ್ತಿದ್ದೆ. ನನ್ನ ಅತ್ತೆ ತೀರಿಕೊಂಡ ಮೇಲೆ ಮಲ್ಲಂದೂರಿನಲ್ಲಿ ಗಂಡುಮಕ್ಕಳು ತೋಟ ಹಂಚಿಕೊಂಡರು. ನಿನಗೇನು ಬೇಕು ಎಂದು ತಂಗಿಯನ್ನು ಕೇಳಿದಾಗ, ನನ್ನ ಹೆಂಡತಿ ಸುಶೀಲ, ಅಮ್ಮ ಸಾಕಿದ ಬೂದಿಬಣ್ಣದ ಕೋಳಿಯೊಂದು ಸಾಕು ಎಂದಳು. ಅಣ್ಣಂದಿರು ಬಹಳ ಧಾರಾಳವಾಗಿ ಒಪ್ಪಿಕೊಂಡರು. ಈ ಹೇಟೆ ಅದೇ. ಅತ್ತೆ ತಾವು ಸೊಸೆಯಾಗಿ ಬಂದ ಕಾಲದಿಂದ ಆ ತಳಿಯನ್ನು ಕಾಪಾಡಿಕೊಂಡು ಬಂದಿದ್ದರು. ನಮ್ಮಲ್ಲಿಗೆ ಬಂದ ಮೇಲೆ ಹುಟ್ಟಿದ ಮರಿಗಳನ್ನೆಲ್ಲ ಮೇಲೆ ಹೇಳಿದ ಅಧಿಕಾರಿಗಳು ವಿಲೇವಾರಿ ಮಾಡಿದ್ದರು.

"ಇದೇ ಕೊನೇ ಕಾವು ಅನ್ಸುತ್ತೆ. ಈ ಸಲ ಒಂದಾದ್ರೂ ಹೆಣ್ಣುಮರಿ ಉಳಿಸ್ಕೊಡಿ ಮಾರಾಯ್ರೆ," ಎಂದಳು ಸುಶೀಲ. ಮದುವೆಯಾದಾಗಿನಿಂದ ಅವಳು ನನ್ನನ್ನು ಏನಾದರೂ ಕೇಳಿದ್ದು ಅಪರೂಪ. ಕೊಡುವವನ ಯೋಗ್ಯತೆ ಗೊತ್ತಿದ್ದುದರಿಂದ ಇರಬೇಕು.

ಅವಳ ಅಮ್ಮ ಕಾವಿನ ಕೋಳಿಯನ್ನು ಅಡುಗೆಮನೆಯ ಒಲೆ ಪಕ್ಕ, ಹುಲ್ಲು ಹಾಸಿದ ಹಳೇ ಬುಟ್ಟಿಯಲ್ಲಿ ಕೂರಿಸುತ್ತಿದ್ದರಂತೆ. ನಾನು ಒಪ್ಪಲಿಲ್ಲ. ಮನುಷ್ಯರ ಅಡುಗೆಮನೆಯಲ್ಲಿ ಕೋಳಿಗೆ ಒಂದೇ ರೀತಿಯ ಪ್ರವೇಶವಿರಬೇಕೆಂಬುದು ನನ್ನ ಸಿದ್ಧಾಂತ. ಶಾಶ್ವತವಾದ ಕೋಟೆಯೊಂದನ್ನು ಕಟ್ಟಲು ನಿಶ್ಚಯಿಸಿ, ಬಸ್‌ಸ್ಟ್ಯಾಂಡಿನ ಹತ್ತಿರ ಗ್ಯಾರೇಜ್ ಇಟ್ಟಿರುವ ಹಮೀದನಿಗೆ ಕೆಲಸ ವಹಿಸಿದೆ. ಅವನ ಶೆಡ್ಡಿನ ಹಿಂದೆ, ಎಸ್ಟೇಟಿನ ಆಳುಗಳನ್ನು ಹೊತ್ತೂ ಹೊತ್ತೂ ಪ್ರಾಣ ಬಿಟ್ಟ ಜೀಪೊಂದು ಬಿದ್ದಿತ್ತು. ಅದರ ತಗಡು ಕತ್ತರಿಸಿ, ಬೆಸೆದು, ಹಿಂದಿನ ಬಾಗಿಲನ್ನೇ ಚಿಲಕ ಸಮೇತ ಗೂಡಿಗೆ ಕೂರಿಸಿದ. ಹಾವನ್ನು ನೆನೆದು ನಾನು ಇದ್ದಬದ್ದ ತೂತುಗಳನ್ನೆಲ್ಲ ಮುಚ್ಚಿಸಿದೆ. ಹಮೀದ್ ತನ್ನ ಕೃತಿಯನ್ನು ಸುತ್ತಿ ಬಂದು, "ಇನ್ನು ಒಂದು ಇಂಜಿನ್ ಕೂರ್ಸಿದ್ರೆ ನಿಮ್ಮ ಕೋಳಿನೇ ಕಳಸಕ್ಕೆ ಟ್ರಿಪ್ ಹೊಡೀಬಹುದು ಗೌಡ್ರೆ," ಎಂದ.

ಹಾಸಿಗೆಗೆ ಕಾಫಿ ಹೊಟ್ಟು ಹರಡಿ ಮೊಟ್ಟೆಗಳನ್ನು ಇಟ್ಟೆ. ಒಣಗಿದ ಕಾಫಿಹಣ್ಣಿನಿಂದ ಬೀಜ ಬಿಡಿಸಿದ ಮೇಲೆ ಉಳಿಯುವ ಈ ಸಿಪ್ಪೆ ಬೆಳೆಗಾರನ ಪಾಲಿಗೆ ಸರ್ವರೋಗಕ್ಕೂ ಮದ್ದು: ಗೊಬ್ಬರಕ್ಕೆ ಅದೇ, ಒಲೆಗೆ ಅದೇ, ಕೆಸರಾದ ದಾರಿಗೂ ಅದೇ. ಶೆಡ್ಡಿನ ಮೂಲೆಯಲ್ಲಿ ಮೂಟೆಗಟ್ಟಲೆ ಬಿದ್ದಿತ್ತು. ಮುಟ್ಟಿದರೆ ಕೊಂಚ ಬೆಚ್ಚಗಿತ್ತು; ಕಾವಿಗೆ ಒಳ್ಳೆಯದೇ ಆಯಿತೆಂದುಕೊಂಡೆ. ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ ಎಂಬ ಗಾದೆ ನಮ್ಮಲ್ಲಿದೆ. ಮಸಾಲೆಯ ಮಟ್ಟಿಗೆ ಅದು ಸರಿ. ಮನೆ ಕಟ್ಟುವಾಗ ಕೇಳಬಹುದಿತ್ತು. ಹೇಟೆ ಒಳಗೆ ಹೋಗಲು ಮೂರು ಸಲ ನಿರಾಕರಿಸಿತು. ಹೆಂಗಸರ ಹಟವೆಂದು ತಳ್ಳಿ ಚಿಲಕ ಹಾಕಿದೆ.

ಮೊಟ್ಟೆಗಳೊಡೆದು ಮರಿಗಳು ಬಂದವು. ಗೂಡಿನ ತುಂಬ ಚಿಲಿಪಿಲಿ. ಮುಂಗುಸಿ ಬಂತು, ತಗಡನ್ನು ಕೆರೆಯಿತು, ಹೋಯಿತು. ಒಂದು ಬೆಳಗ್ಗೆ ಕೇರೆಹಾವು ಗೂಡನ್ನು ಪೂರ್ತಿ ಸುತ್ತುಹಾಕಿ, ನಿವೃತ್ತಿ ಪತ್ರ ಕೈಗೆ ಬಂದ ನೌಕರನಂತೆ ನಿಧಾನವಾಗಿ ಮರಳಿತು. ನಾನು ಜಗಲಿಯಲ್ಲಿ ಕಾಫಿ ಕುಡಿಯುತ್ತ, ಪಾಳೆಯಗಾರನ ಗತ್ತಿನಲ್ಲಿ ಇದನ್ನೆಲ್ಲ ನೋಡಿದೆ. ಎಷ್ಟೋ ಕೋಟೆಗಳು ಹೊರಗಿನ ಫಿರಂಗಿಗಿಂತ ಒಳಗಿನ ಕೆಟ್ಟ ನೀರಿಗೆ, ಕೆಟ್ಟ ಗಾಳಿಗೆ ಬಿದ್ದವೆಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಪರೀಕ್ಷೆಗೆ ಬರಲಿಲ್ಲವಾದ್ದರಿಂದ ಮರೆತಿದ್ದೆ.

ಕೆಲವು ದಿನಗಳಲ್ಲೇ ಮರಿಗಳು ಕೊಕ್ಕು ತೆರೆದು, ಕತ್ತು ಚಾಚಿ ಉಸಿರೆಳೆಯತೊಡಗಿದವು. ಚಿಲಿಪಿಲಿ ಕಡಿಮೆಯಾಯಿತು. ದಾರಿಯಲ್ಲಿ ಹೋಗುತ್ತಿದ್ದ ಪಶುವೈದ್ಯರನ್ನು ಕರೆದೆ. ಅವರು ಗೂಡಿನೊಳಗೆ ತಲೆ ಹಾಕಿದವರೇ ಕೆಮ್ಮುತ್ತ ಹೊರಗೆ ಬಂದರು. ರೋಗದ ಪತ್ತೆ ಅಲ್ಲಿಗೇ ಮುಗಿಯಿತು. ಮಳೆಗಾಲದ ತೇವ ಕುಡಿದ ಹೊಟ್ಟು ಬೂಸ್ಟು ಹಿಡಿದಿತ್ತು, ಗಾಳಿಗೆ ಹೋಗಲು ದಾರಿಯಿರಲಿಲ್ಲ, ಆ ಧೂಳೆಲ್ಲ ಮರಿಗಳ ಶ್ವಾಸಕೋಶ ಸೇರಿತ್ತು. ಇದಕ್ಕೆ ಔಷಧಿ ಇಲ್ಲ ಎಂದು ಹೇಳಿ ಅವರು, ಇಷ್ಟು ಗಟ್ಟಿಯಾದ ಗೂಡನ್ನು ತಾವು ಎಲ್ಲೂ ನೋಡಿಲ್ಲವೆಂದೂ ಸೇರಿಸಿದರು.

ಸುಶೀಲ ಬುಟ್ಟಿ ತಂದು ಉಸಿರಿದ್ದವನ್ನು ಆರಿಸಿಕೊಂಡಳು. ಇಲ್ಲದವನ್ನು ನಾನು ಕಾಫಿಗಿಡದ ಬುಡದಲ್ಲಿ ಹೂಳಿದೆ. ಅಳು, ಜಗಳ ಏನೂ ಇರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದಳು: "ಗಿಡುಗ ಆಗಿದ್ರೆ ಒಂದೊಂದೇ ತಗೊಂಡು ಹೋಗ್ತಿತ್ತು."

ಒಲೆಯ ಪಕ್ಕ, ಹೇಟೆಯ ರೆಕ್ಕೆಯಡಿಯಲ್ಲಿ ಮರಿಗಳು ಒಂದೊಂದಾಗಿ ಹೋಗಿ, ಕೊನೆಗೊಂದು ಉಳಿಯಿತು. ಅದು ಬೆಳೆದು ಹುಂಜವಾಯಿತು. ಹೇಟೆ ಮತ್ತೆ ಮೊಟ್ಟೆ ಇಡಲಿಲ್ಲ.