ಕೌದಿಯೊಳಗಿನ ನೂರಿಪ್ಪತ್ತು ಮಾತು

ಬೆಳಗಿನ ಐದು ಗಂಟೆ. ರಬಕವಿಯ ನೇಕಾರರ ಓಣಿಯಲ್ಲಿ ಇನ್ನೂ ಒಂದು ಮಗ್ಗವೂ ಸದ್ದು ಮಾಡಿಲ್ಲ. ಒಳಕೋಣೆಯ ಮೂಲೆಯಲ್ಲಿ ಶಂಕ್ರೆವ್ವ ಗೋಡೆಗೆ ಮುಖ ಮಾಡಿ ಕೂತು, ತಲೆಯ ಮೇಲಿಂದ ಕೌದಿ ಎಳೆದುಕೊಳ್ಳುತ್ತಾರೆ. ಕೌದಿಯೊಳಗೆ ಮೊಬೈಲಿನ ಬೆಳಕು. ಪರದೆಯ ಮೇಲೆ ಒಂದು ವಾಕ್ಯ ಬರುತ್ತದೆ. ಅದನ್ನು ಎರಡು ಸಲ ಮನಸ್ಸಿನಲ್ಲೇ ಓದಿಕೊಂಡು, ಗುಂಡಿ ಒತ್ತಿ, ಬಾಯಿಬಿಟ್ಟು ಹೇಳುತ್ತಾರೆ. "ಡಾಕ್ಟರು ಎಷ್ಟೊತ್ತಿಗೆ ಬರತಾರ್ರಿ?" ಹಸಿರು ಗುರುತು ಬೀಳುತ್ತದೆ. "ಈ ಸಲ ಕಬ್ಬು ಛಲೋ ಬಂದೈತಿ." ಹಸಿರು. "ನನ್ನ ಪಿಂಚಣಿ ಯಾಕ ಬಂದಿಲ್ಲ?" ಕೆಂಪು. ಹೊರಗೆ ನಾಯಿ ಬೊಗಳಿದೆ. ಮತ್ತೆ ಹೇಳಬೇಕು.

ಆರಕ್ಕೆ ಓಣಿಯ ಮಗ್ಗಗಳೆಲ್ಲ ಒಟ್ಟಿಗೆ ಏಳುತ್ತವೆ. ಆಮೇಲೆ ಪಕ್ಕದಲ್ಲಿ ಕೊಡ ಬಿದ್ದರೂ ಕೇಳುವುದಿಲ್ಲ. ಆ ಒಂದು ತಾಸಿನಲ್ಲಿ ನೂರಿಪ್ಪತ್ತು ವಾಕ್ಯ ಆಗಬೇಕು. ಉಳಿದದ್ದು ಕರೆಂಟ್ ಹೋದಾಗ. "ಕರೆಂಟ್ ಹೋತಂದ್ರ ಓಣಿ ಮಂದಿಯೆಲ್ಲಾ ಬೈತಾರ್ರಿ. ನಾ ಒಬ್ಬಾಕಿ ಕೈ ಮುಗೀತೀನಿ" ಎಂದು ಶಂಕ್ರೆವ್ವ ನಗುತ್ತಾರೆ.

ಐವತ್ತಮೂರರ ಶಂಕ್ರೆವ್ವನ ತವರು ರನ್ನ ಬೆಳಗಲಿ. ಐದನೆಯ ಇಯತ್ತೆಗೆ ಸಾಲಿ ಬಿಟ್ಟವರು. ಮದುವೆಯಾಗಿ ಬಂದ ಮೇಲೆ ಮಗ್ಗದ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುತ್ತಿದ್ದರು. ಆ ಕೆಲಸವನ್ನು ಮಷೀನು ತೆಗೆದುಕೊಂಡಿತು. ಒಬ್ಬಳೇ ಮಗಳು ಕಾವೇರಿಯನ್ನು ಲೋಕಾಪುರಕ್ಕೆ ಕೊಟ್ಟಿದ್ದಾರೆ. ಈ ಹೊಸ ಕೆಲಸ ತಂದವಳು ತೇರದಾಳದ ಭಕ್ತಿ. ಯಂತ್ರಕ್ಕೆ ಈ ಕಡೆಯ ಮಾತು ಕಲಿಸಲು ದನಿ ಕೂಡಿಸುವ ಒಂದು ಸಂಸ್ಥೆಯಲ್ಲಿ ಅವಳಿದ್ದಾಳೆ.

"ನಾಳೆ ದವಾಖಾನಿ, ಬ್ಯಾಂಕು, ಎಲ್ಲಾ ಕಡೆ ಮಷೀನೇ ಫೋನ್ ಎತ್ತತೈತ್ರಿ ಕಾಕು. ಅದಕ್ಕ ನಮ್ಮ ಮಾತು ತಿಳೀಲಿಲ್ಲಂದ್ರ ನಾವು ಯಾರಿಗೆ ಹೇಳೂದು?" ಎಂದು ಭಕ್ತಿ ಅವತ್ತು ಕೇಳಿದ್ದಳು. ಶಂಕ್ರೆವ್ವನಿಗೆ ಆ ಮಾತು ಹಿಡಿಸಿತ್ತು. ಅದಕ್ಕಿಂತ ಹೆಚ್ಚಾಗಿ, ಬಾಯಿಬಿಟ್ಟು ಮಾತಾಡಲು ಒಂದು ನೆಪ ಸಿಕ್ಕಿತ್ತು.

ಮನೆಯಲ್ಲಿರುವುದು ಗಂಡ-ಹೆಂಡತಿ ಇಬ್ಬರೇ. ಗಂಡ ಗಿರಿಮಲ್ಲಪ್ಪ ಮೂವತ್ತೊಂದು ವರ್ಷ ಪವರ್‌ಲೂಮ್ ನಡುವೆ ನಿಂತವರು. ಈಗಲೂ ನಾಲ್ಕು ಮಗ್ಗ ನೋಡಿಕೊಳ್ಳುತ್ತಾರೆ. ಕಿವಿ ಮಾತ್ರ ಪೂರ್ತಿ ಹೋಗಿದೆ. ಶೆಡ್ಡಿನಲ್ಲಿ ಎದುರಿನವರ ತುಟಿ ನೋಡಿಯೇ ಮಾತು ತಿಳಿಯುವುದು ಮಗ್ಗದವರ ರೂಢಿ. ಮನೆಯಲ್ಲಿ ಅವರು ತಾಟು ನೋಡುತ್ತ ಉಣ್ಣುತ್ತಾರೆ. ಮುಖ ಎತ್ತುವುದಿಲ್ಲ. ಉಂಡು ಎದ್ದು ಹೋಗುತ್ತಾರೆ.

"ದಿನಾ ನೂರಿಪ್ಪತ್ತು ಮಾತು ಆಡತೀನ್ರಿ. ಒಂದಕ್ಕೂ ಯಾರೂ ಹೂಂ ಅನ್ನಂಗಿಲ್ಲ" ಎನ್ನುತ್ತಾರೆ ಶಂಕ್ರೆವ್ವ. ದೂರು ಹೇಳಿದ ದನಿಯಲ್ಲ ಅದು. ಇವತ್ತು ನೀರು ಬಂದಿಲ್ಲ ಎಂದ ಹಾಗೆ.

ಮೊಬೈಲಿಗೆ ಬರುವ ಸಾವಿರ ವಾಕ್ಯಕ್ಕೆ ಒಂದು ಕಂತು. ಸಾವಿರವೂ ಹಸಿರಾಗದೆ ಮುಂದಿನ ಕಂತು ಬರುವುದಿಲ್ಲ. ತಡವಾದರೆ ಕೆಲಸ ಬೇರೆಯವರ ಪಾಲು. ಈ ಏಪ್ರಿಲ್‌ನಲ್ಲಿ ಶಂಕ್ರೆವ್ವನ ಕಂತು ಒಂದೇ ವಾಕ್ಯಕ್ಕೆ ನಿಂತುಬಿಟ್ಟಿತು. ಎಲ್ಲೋ ಕೂತವರು ಈ ಭಾಗದ ಹೆಸರುಗಳನ್ನು ಸೇರಿಸಿ ಬರೆದ ವಾಕ್ಯ ಅದು. "ಗಿರಿಮಲ್ಲಪ್ಪ ಇನ್ನೂ ಮನಿಗೆ ಬಂದಿಲ್ಲ."

ಗಂಡನ ಹೆಸರನ್ನು ಅವರು ಬಾಯಲ್ಲಿ ಹೇಳಿದ್ದು ಒಂದೇ ಸಲ. ಮೂವತ್ತಮೂರು ವರ್ಷದ ಹಿಂದೆ, ಮದುವೆಯಾಗಿ ಬಂದಾಗ, ಹೊಸ್ತಿಲಲ್ಲಿ ಅಡ್ಡ ನಿಂತ ನಾದಿನಿಯರು ಬಿಡದೆ ಕಾಡಿದ್ದಕ್ಕೆ, ಹೆಸರನ್ನು ಪ್ರಾಸದಲ್ಲಿ ಹುದುಗಿಸಿ ಒಡಪು ಕಟ್ಟಿ. "ಆಗ ಅವರಿಗೆ ಕಿವಿ ಕೇಳತಿದ್ದುವು. ನಕ್ಕಿದ್ದರು."

ಮೊದಲು ಅವರು ಹೆಸರು ಬಿಟ್ಟು ಓದಿದರು. "ಅವರು ಇನ್ನೂ ಮನಿಗೆ ಬಂದಿಲ್ಲ." ಕೆಂಪು. "ನಮ್ಮ ಮನಿಯವರು" ಎಂದರು. ಕೆಂಪು. ಮೂರನೆಯ ದಿನ ಕೌದಿಯೊಳಗೆ ಬೆವರುತ್ತ ಆ ಹಳೆಯ ಒಡಪನ್ನೇ ಹೇಳಿದರು. "ಮಗ್ಗದ ಮ್ಯಾಲ ನೆಯ್ದೈತಿ ಮಲ್ಲಿಗಿ ಬಣ್ಣದ ಸೀರಿ, ಗಿರಿಮಲ್ಲಪ್ಪನವರ ಕೈ ಹಿಡಿದು ನಡದೀನಿ ಈ ಮನಿ ದಾರಿ." ಅದಕ್ಕೂ ಕೆಂಪು.

ಭಕ್ತಿಗೆ ನಗು ತಡೆಯಲಿಲ್ಲ. "ಕಾಕು, ಮಷೀನಿಗೆ ಒಡಪು ಹೇಳೀರೇನ್ರಿ! ಅದೇನು ನಿಮ್ಮ ನಾದ್ನಿ ಏನು?"

"ನಾದ್ನಿಗಿಂತ ಜಿಗುಟೈತಿ ಬಿಡವ್ವ. ನಾದ್ನ್ಯಾರು ಅವತ್ತು ದಾರಿನರ ಬಿಟ್ಟರು."

"ಬರೇ ಹೆಸರು ಕಾಕು. ಯಾರು ಕೇಳತಾರ್ರಿ? ಶನಿವಾರ ಕಡೀ ದಿನ ನೋಡ್ರಿ."

ಯಾರೂ ಕೇಳುವುದಿಲ್ಲ ಎಂಬುದು ಶಂಕ್ರೆವ್ವನಿಗೆ ಗೊತ್ತಿಲ್ಲದ್ದೇನಲ್ಲ.

ಶುಕ್ರವಾರ ಹನ್ನೊಂದಕ್ಕೆ ಕರೆಂಟ್ ಹೋಯಿತು. ಮಗ್ಗ ನಿಂತವು. ಗಿರಿಮಲ್ಲಪ್ಪ ಮನೆಗೆ ಬಂದು ಕಂಬಕ್ಕೆ ಒರಗಿ ಚಹಾ ಹಿಡಿದು ಕೂತರು. ಆ ಬಿಸಿಲಿನಲ್ಲಿ ಕೌದಿ ಹೊದೆಯುವುದು ಆಗದ ಮಾತು. ಶಂಕ್ರೆವ್ವ ಅದನ್ನು ಬದಿಗಿಟ್ಟು ಅವರೆದುರೇ ಕೂತರು. ಗುಂಡಿ ಒತ್ತಿದರು. ಕಣ್ಣು ಮುಚ್ಚಿ, ಒಂದೊಂದೇ ಅಕ್ಷರ ಬಿಡಿಸಿ, ಕಾಗದದಲ್ಲಿ ಬರೆದ ಹಾಗೆ ಹೇಳಿದರು. "ಗಿರಿಮಲ್ಲಪ್ಪ ಇನ್ನೂ ಮನಿಗೆ ಬಂದಿಲ್ಲ."

ಚಹಾದ ಬಟ್ಟಲು ನೆಲಕ್ಕೆ ತಾಗಿದ ಸದ್ದು.

"ಬಂದೀನಲ್ಲ ಬೇ! ಇಲ್ಲೇ ಅದೀನಿ!"

ಕಿವಿ ಹೋದವರ ದನಿ, ಓಣಿಗೆಲ್ಲ ಕೇಳುವಷ್ಟು ದೊಡ್ಡದು. ಶಂಕ್ರೆವ್ವ ಕಣ್ಣು ಬಿಟ್ಟಾಗ ಅವರು ಇವರ ತುಟಿಯನ್ನೇ ನೋಡುತ್ತಿದ್ದರು. ಮೊಬೈಲಿನಲ್ಲಿ ಕೆಂಪು ಬಿತ್ತು. 'ಎರಡನೆಯ ದನಿ ಸೇರಿದೆ, ಅಳಿಸಿ ಮತ್ತೆ ಹೇಳಿ.' ಅಷ್ಟರಲ್ಲಿ ಕರೆಂಟ್ ಬಂತು. ಗಿರಿಮಲ್ಲಪ್ಪ ಎದ್ದು ಮಗ್ಗಕ್ಕೆ ಹೋದರು.

ಶನಿವಾರ ಬೆಳಗಿನ ಜಾವ ಶಂಕ್ರೆವ್ವ ಕೌದಿಯೊಳಗೆ ಗೋಡೆಗೆ ಅದೇ ವಾಕ್ಯವನ್ನು ಹೊಸದಾಗಿ ಹೇಳಿದರು. ಹಸಿರು. ಕಂತು ಮುಗಿಯಿತು, ಹೊಸದು ಬಂತು. ಗಿರಿಮಲ್ಲಪ್ಪ ಮತ್ತೆ ತಾಟು ನೋಡುತ್ತ ಉಣ್ಣುತ್ತಾರೆ.

ಮುಂದೆ ಏನಾಗಬೇಕೆಂದು ಕೇಳಿದರೆ ಶಂಕ್ರೆವ್ವ ಮಷೀನಿನ ಮಾತೆತ್ತುತ್ತಾರೆ. "ನಾ ಕಲಿಸಿದ್ದನ್ನ ಆ ಮಷೀನು ಎಲ್ಲೆಲ್ಲೋ ಮಾತಾಡತೈತಂತ್ರಿ. ನನ್ನಂಗ ಒಬ್ಬಾಕೀನ ಕೂತಾಕಿ ಕೂಡಾನೂ ಮಾತಾಡೀತು. ಆಕಿ ಕರದ್ರ 'ಇಲ್ಲೇ ಅದೀನಿ' ಅನ್ನಾಕ ಬರಬೇಕಲ್ರಿ ಅದಕ್ಕ. ಅದೊಂದ ಮಾತಿಗೆ ಕೆಂಪು ಹಾಕ್ಯಾರ ನೋಡ್ರಿ."

ಗೋಡೆಯ ಗಡಿಯಾರ ಐದು ತೋರಿಸುತ್ತದೆ. ಶಂಕ್ರೆವ್ವ ಮೊದಲು ಆ ಶುಕ್ರವಾರದ ಕೆಂಪು ಸಾಲನ್ನು ಒತ್ತಿ, ಮೊಬೈಲನ್ನು ಕಿವಿಗೆ ಹಿಡಿದು ಕೇಳುತ್ತಾರೆ. ದಿನವೂ ಹೀಗೇ.

"ಅಳಸು ಅಳಸು ಅಂತೈತಿ ಫೋನು. ನಾ ಅಳಸಂಗಿಲ್ಲ" ಎನ್ನುತ್ತ ಕೌದಿ ಎಳೆದುಕೊಳ್ಳುತ್ತಾರೆ.