ವಿಮಾನ ನಮ್ಮ ಹೊಲದಲ್ಲಿ ಇಳಿಯುವುದಿಲ್ಲ

ಬೆಂಗಳೂರಿಗೆ ಬಂದ ಮೊದಲ ದಿನ ಲಗ್ಗೆರೆಯ ಟೀ ಅಂಗಡಿಯಲ್ಲಿ, ಪೀಣ್ಯ ಎಷ್ಟು ದೂರ ಅಂತ ಕೇಳಿದೆ.

"ಬೆಳಿಗ್ಗೆ ಆದ್ರೆ ಹತ್ ನಿಮಿಷ ಗುರು. ಸಂಜೆ ಆದ್ರೆ ಮುಕ್ಕಾಲ್ ಗಂಟೆ."

ನಾನು ಗಾಬರಿಯಾದೆ. ನಮ್ಮ ಅಥಣಿ ಕಡೆ ದೂರ ಕೇಳಿದರೆ ಎರಡು ಹರದಾರಿ, ಮೂರು ಹರದಾರಿ ಅನ್ನುತ್ತಾರೆ. ಬೆಳಿಗ್ಗೆ ಹತ್ತಿರ ಇದ್ದು ಸಂಜೆಗೆ ದೂರ ಸರಿಯುವ ಊರನ್ನು ನಾನು ನೋಡಿದ್ದು ಇಲ್ಲೇ. ಇನ್ನು 'ಗುರು' ಅಂದರೆ ನಮ್ಮಲ್ಲಿ ಸಾಲಿ ಮಾಸ್ತರ. ಇಲ್ಲಿ ಎಲ್ಲರೂ ಗುರುಗಳೇ.

ಆರು ವರ್ಷವಾಯಿತು. ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ಯಂತ್ರ ಓಡಿಸುತ್ತೇನೆ. ದೂರವನ್ನು ಗಂಟೆಯಲ್ಲಿ ಅಳೆಯುವ ಇಲ್ಲಿಯ ಲೆಕ್ಕ ಕಲಿತೆ, ಸಪ್ಪೆ ಮುದ್ದೆಯನ್ನೂ ನುಂಗಲು ಕಲಿತೆ. ಆದರೆ ಹೋದ ತಿಂಗಳು ಅದೇ ಲೆಕ್ಕ ನನ್ನ ಕುತ್ತಿಗೆಗೆ ಬಂತು.

ತಂಗಿಯ ಮಗನ ಜವಳಕ್ಕೆ ದಿನ ಗೊತ್ತಾಗಿತ್ತು. ಕೂಸಿನ ಮೊದಲ ಕೂದಲಿಗೆ ಕತ್ತರಿ ಹಾಕಬೇಕಾದವನು ಸೋದರಮಾವ. ತಂಗಿಗೆ ಇರುವ ಅಣ್ಣ ನಾನೊಬ್ಬನೇ. ನಾಲ್ಕು ದಿನ ರಜೆ ಕೇಳಿದೆ. ಆಫೀಸಿಗೆ ಹೊಸದಾಗಿ ಬಂದ ಎಚ್‌ಆರ್ ಸಾರ್, ಚಿಕ್ಕ ವಯಸ್ಸಿನವರು, ಮೊಬೈಲ್ ತೋರಿಸಿದರು.

"ಬೆಂಗಳೂರು ಟು ಬೆಳಗಾವಿ ಒಂದ್ ಗಂಟೆ ಐದ್ ನಿಮಿಷ ಅಷ್ಟೇ. ನಾಲ್ಕ್ ದಿನ ಯಾಕ್ರೀ ಸಿದ್ದಪ್ಪ? ಫ್ಲೈಟಲ್ಲಿ ಹೋಗಿ. ಎರಡ್ ದಿನ ಸಾಕು."

"ವಿಮಾನ ನಮ್ಮ ಹೊಲದಾಗ ಇಳಿಯೂದಿಲ್ರೀ ಸರ."

ಅವರು ನಕ್ಕರು. ನಾನು ನಗಲಿಲ್ಲ. ಅರ್ಜಿಯ ಕಾಗದ ತಿರುವಿ ಹಾಕಿ, ಅಲ್ಲೇ ನಿಂತು ಕನ್ನಡದಲ್ಲಿ ಬರೆದೆ. ಮೂವತ್ತೆರಡನೇ ವಯಸ್ಸಿಗೆ ಹತ್ತನೇ ಕ್ಲಾಸ್ ಪಾಸಾದವನು, ನನ್ನ ಅಕ್ಷರ ನಿಧಾನ. ಅವತ್ತು ಬೇಕಂತಲೇ ಇನ್ನೂ ನಿಧಾನ ಮಾಡಿದೆ. ಲಗ್ಗೆರೆಯಿಂದ ವಿಮಾನ ನಿಲ್ದಾಣಕ್ಕೆ ಎರಡು ಗಂಟೆ. ಅಲ್ಲಿ ಕಾಯುವುದು ಎರಡು. ಮೇಲೆ ಒಂದು. ಇಳಿದು ಬೆಳಗಾವಿ ಬಸ್‌ ಸ್ಟ್ಯಾಂಡಿಗೆ ಒಂದು. ಅಥಣಿಗೆ ನಾಲ್ಕು. ಟಂಟಂ ಆಟೋ ತುಂಬುವ ತನಕ ಕೂತು ನಮ್ಮೂರು ಮುಟ್ಟಲು ಒಂದು. ಆಕಾಶದಲ್ಲಿ ಒಂದು ಗಂಟೆ, ನೆಲದ ಮೇಲೆ ಹತ್ತು.

"ಏನ್ರೀ ಇದು, ಕಥೆ ಬರ್ದಿದೀರಾ?"

"ನೀವು ಎಲ್ಲಿಂದ ಬರ್ತೀರಿ ಸರ?"

"ಬೆಳ್ಳಂದೂರು. ಯಾಕೆ?"

"ಇವತ್ತ ಎಷ್ಟೊತ್ತ ಆತ್ರೀ?"

"ಅಯ್ಯೋ, ಕೇಳ್ಬೇಡಿ. ಎರಡೂವರೆ ಗಂಟೆ."

"ವಿಮಾನದಾಗ ಆದ್ರ ಎಷ್ಟ್ ನಿಮಿಷ್ರೀ?"

ಪಕ್ಕದ ಟೇಬಲ್ಲಿನ ಮೇಡಂ ಬಾಯಿಗೆ ಕೈ ಅಡ್ಡ ಹಿಡಿದರು. ಸಾರ್ ನನ್ನ ಲೆಕ್ಕವನ್ನು ಇನ್ನೊಮ್ಮೆ ಓದಿದರು. ಆಮೇಲೆ ಪೆನ್ನು ತೆಗೆದು ನಾಲ್ಕು ದಿನಕ್ಕೂ ಸಹಿ ಹಾಕಿದರು. "ಹೋಗ್ ಬನ್ನಿ ಗುರುಗಳೇ" ಅಂದರು.

ಹೋದೆ, ಬಸ್ಸಿನಲ್ಲೇ. ಕೂಸು ನನ್ನ ತೊಡೆಯ ಮೇಲೆ ಕೂತು ಊರೆಲ್ಲ ಕೇಳುವಂತೆ ಅತ್ತಿತು. ಅದರ ಮೊದಲ ಕೂದಲಿಗೆ ನಾನೇ ಕತ್ತರಿ ಹಾಕಿದೆ.

ಮೂರನೇ ದಿನ ಊಟಕ್ಕೆ ಕೂತಾಗ ಬಾಯಿಂದ ಬಂದೇ ಬಿಟ್ಟಿತು: "ನಾಳೆ ಮನಿಗೆ ಹೋಗೂದೈತಿ."

ತಂಗಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಹಂಗಾರ ಇದ್ಯಾರ ಮನಿ, ಅಣ್ಣಾ?"

"ಇದೂ ನಂದ. ಅದೂ ನಂದ," ಅಂದೆ. ತುಸು ಜೋರಾಗಿಯೇ ಅಂದೆ.

ಅವಳು ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. "ಹೌದಲ್ಲ, ಹಂಗಾರ ಎರಡೂ ಕಡೆ ಹೊಟ್ಟಿ ತುಂಬಾ ಉಣ್ಣು."