ಹೆರಿಗೆ ಕಲಿಸಿದ ನರ್ಸಬಾಯಿ

ಐವತ್ತರ ದಶಕದಲ್ಲಿ ಸೊಲ್ಲಾಪುರದ ಆಸ್ಪತ್ರೆಯಲ್ಲಿ ನಮಗೆ ಹೆರಿಗೆ ಮಾಡಿಸುವುದನ್ನು ಕಲಿಸಿದ ಹಿರಿಯ ನರ್ಸಬಾಯಿ ಎಂದೂ ಬೈದವರಲ್ಲ. ತಪ್ಪು ಕಂಡರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ಮತ್ತೊಮ್ಮಿ ಮಾಡವಾ, ನಾ ನೋಡ್ತೀನಿ" ಎನ್ನುತ್ತಿದ್ದರು.

ಕೊನೆಯ ಪರೀಕ್ಷೆಗೆ ನನ್ನನ್ನು ಅಕ್ಕಲಕೋಟೆಯ ಒಂದು ಮನೆಗೆ ಕರೆದೊಯ್ದರು. ಹುಟ್ಟಿದ ಕೂಸು ಅಳಲಿಲ್ಲ. ನಾನು ಗಾಬರಿಯಿಂದ ಅವರ ಮುಖ ನೋಡಿದೆ.

"ನನ್ನ ನೋಡಬ್ಯಾಡ, ಕೂಸಿನ್ನ ನೋಡು. ನಾ ಬಾಜೂಕ ಅದೀನಿ."

ಕೂಸಿನ ಬಾಯೊಳಗಿನ ಲೋಳೆ ತೆಗೆದು, ಬೆನ್ನು ತಿಕ್ಕಿದೆ. ಅದು ಚೀರಿತು.

ಅಂಕ ಹಾಕುವ ಮೊದಲು ಅವರು ಬಾಣಂತಿಯನ್ನು ಕೇಳಿದರು: "ಈ ಹುಡುಗಿ ಕೈಯಾಗ ನಿನಗ ಅಂಜಿಕಿ ಆತೇನವಾ?"

"ಇಲ್ರಿ ಬಾಯಿ. ಆಕಿ ಕೈ ನಡಗಲೇ ಇಲ್ಲ."

ಪಾಸು ಎಂದು ಬರೆದರು. ಹೊರಗೆ ಕಟ್ಟೆಯ ಮೇಲೆ ಕುಳಿತಾಗ ನನ್ನ ಎರಡೂ ಕೈ ನಡುಗತೊಡಗಿದವು. ಅವರು ನಡುಕ ನಿಲ್ಲುವವರೆಗೂ ಅವನ್ನು ಹಿಡಿದುಕೊಂಡು ಕುಳಿತರು.